ಬಾಡಿಗೆ ಮನೆಯ ಕರೆಂಟ್ ವರದಿ: ಒಪ್ಪಿಗೆ ಕೊಡುವ ಮುನ್ನ ಒಮ್ಮೆ ಪೂರ್ತಿ ಓದಿ

ಇಂಗ್ಲೆಂಡಿನಲ್ಲಿ ನಿಮ್ಮದೊಂದು ಮನೆ ಬಾಡಿಗೆಗಿದೆ ಎಂದುಕೊಳ್ಳಿ. ನೀವು ಅದೇ ಊರಿನಲ್ಲಿರಬಹುದು, ಕೆಲಸ ಬದಲಾಗಿ ಬೇರೆ ಊರಿಗೆ ಹೋಗಿರಬಹುದು, ಅಲ್ಲಿನದೆಲ್ಲ ಮುಗಿಸಿಕೊಂಡು ಬೆಂಗಳೂರಿಗೋ ಮೈಸೂರಿಗೋ ವಾಪಸಾಗಿರಬಹುದು. ಒಂದು ದಿನ ಲೆಟಿಂಗ್ ಏಜೆಂಟರಿಂದ ಮೇಲ್ ಬರುತ್ತದೆ. ವಿದ್ಯುತ್ ತಪಾಸಣೆ ಮುಗಿದಿದೆ, ಫಲಿತಾಂಶ ‘ಅತೃಪ್ತಿಕರ’, ಫ್ಯೂಸ್ ಬೋರ್ಡ್ ಬದಲಿಸಬೇಕು, ಖರ್ಚಿನ ಅಂದಾಜು ಲಗತ್ತಿಸಿದೆ, ಕಾನೂನು ಕೊಟ್ಟಿರುವುದು 28 ದಿನ, ಬೇಗ ಒಪ್ಪಿಗೆ ಕಳಿಸಿ. ವರದಿ ಹತ್ತಾರು ಪುಟ, ಅಂದಾಜು ಪಟ್ಟಿ ಒಂದೇ ಪುಟ. ಬಹಳಷ್ಟು ಜನ ಆ ಒಂದು ಪುಟವನ್ನಷ್ಟೇ ಓದಿ, ಮೊತ್ತ ನೋಡಿ ನಿಟ್ಟುಸಿರುಬಿಟ್ಟು ‘ಆಗಲಿ’ ಎಂದು ಉತ್ತರಿಸುತ್ತಾರೆ. ಇನ್ನು ಕೆಲವರು ‘ಇದೆಲ್ಲ ದುಡ್ಡು ಕೀಳುವ ಉಪಾಯ’ ಎಂದು ಸಿಟ್ಟಾಗಿ ಮೇಲನ್ನು ಬದಿಗೆ ತಳ್ಳುತ್ತಾರೆ. ಎರಡೂ ತಪ್ಪು. ಮೊದಲನೆಯದರಲ್ಲಿ ಬೇಡದ ಕೆಲಸಕ್ಕೆ ಹಣ ಹೋಗಬಹುದು, ಎರಡನೆಯದರಲ್ಲಿ ಆ ಮನೆಯಲ್ಲಿ ಮಲಗುವವರ ಜೀವವೇ ಹೋಗಬಹುದು.

ಇವೆರಡನ್ನೂ ಬಿಟ್ಟು ಮಾಡಬೇಕಾದ ಕೆಲಸ ಒಂದಿದೆ. ವರದಿಯ ಒಂದೊಂದು ದೋಷವನ್ನೂ ಹಿಡಿದು, ‘ಇದರಿಂದ ಯಾರಿಗೆ, ಹೇಗೆ ಪೆಟ್ಟಾಗುತ್ತದೆ?’ ಎಂದು ಕೇಳುವುದು. ಇದಕ್ಕೆ ನೀವು ಎಲೆಕ್ಟ್ರಿಷಿಯನ್ ಆಗಿರಬೇಕಿಲ್ಲ. ಏಕೆಂದರೆ ಈ ತಪಾಸಣೆಯ ನಿಯಮಗಳೇ ಆ ಪ್ರಶ್ನೆಯ ಮೇಲೆ ನಿಂತಿವೆ. ವೈರಿಂಗ್ ಎಷ್ಟು ವರ್ಷ ಹಳೆಯದು, ಇಂದಿನ ಹೊಸ ಮನೆಗಳಿಗೆ ಏನೇನು ಹಾಕುತ್ತಾರೆ ಎಂಬ ಲೆಕ್ಕಕ್ಕೆ ಅಲ್ಲಿ ಎರಡನೆಯ ಸ್ಥಾನ. ಇರುವ ವೈರಿಂಗನ್ನು ಹಾಗೆಯೇ ಬಳಸುತ್ತ ಹೋದರೆ ಅಪಾಯವಿದೆಯೇ ಎಂಬುದಕ್ಕೆ ಮೊದಲ ಸ್ಥಾನ. ಇದನ್ನು ಮರೆತು ಬರೆದ ವರದಿಗಳಲ್ಲಿ ‘ಹಳೆಯದು’ ಎನ್ನುವುದೇ ‘ಅಪಾಯಕಾರಿ’ ಎಂದಾಗಿಬಿಡುತ್ತದೆ, ಮಾಲೀಕರ ಜೇಬಿಗೆ ಕತ್ತರಿ ಬೀಳುವುದೂ ಅಲ್ಲಿಯೇ.

ಕಾನೂನು, ಚಿಕ್ಕದಾಗಿ

ಇಂಗ್ಲೆಂಡಿನ ಖಾಸಗಿ ಬಾಡಿಗೆ ಮನೆಗಳಿಗೆ ಸಂಬಂಧಿಸಿದ ವಿದ್ಯುತ್ ಸುರಕ್ಷತಾ ನಿಯಮಗಳು ಜಾರಿಗೆ ಬಂದದ್ದು 2020ರ ಜೂನ್ 1ರಂದು. ಹೊಸ ಬಾಡಿಗೆ ಕರಾರುಗಳಿಗೆ ಆ ವರ್ಷದ ಜುಲೈ 1ರಿಂದ, ಆಗಲೇ ನಡೆಯುತ್ತಿದ್ದ ಕರಾರುಗಳಿಗೆ 2021ರ ಏಪ್ರಿಲ್ 1ರಿಂದ ಅವು ಅನ್ವಯವಾದವು. ಹೆಚ್ಚೆಂದರೆ ಐದು ವರ್ಷಕ್ಕೊಮ್ಮೆ ಅರ್ಹ ವ್ಯಕ್ತಿಯಿಂದ ಮನೆಯ ಸ್ಥಿರ ವೈರಿಂಗ್ ಪರೀಕ್ಷೆಯಾಗಬೇಕು. ಆ ವರದಿಗೆ ಎಲೆಕ್ಟ್ರಿಕಲ್ ಇನ್‌ಸ್ಟಾಲೇಷನ್ ಕಂಡೀಷನ್ ರಿಪೋರ್ಟ್, ಚಿಕ್ಕದಾಗಿ ಇಐಸಿಆರ್ ಎಂದು ಹೆಸರು. ವರದಿಯ ಪ್ರತಿ 28 ದಿನದೊಳಗೆ ಬಾಡಿಗೆದಾರರ ಕೈಸೇರಬೇಕು. ಸ್ಥಳೀಯ ಕೌನ್ಸಿಲ್ ಕೇಳಿದರೆ 7 ದಿನದಲ್ಲಿ ಕೊಡಬೇಕು. ದುರಸ್ತಿಯನ್ನೋ ಹೆಚ್ಚಿನ ಪರಿಶೀಲನೆಯನ್ನೋ ವರದಿ ಕೇಳಿದ್ದರೆ ಅದನ್ನು 28 ದಿನದೊಳಗೆ ಮುಗಿಸಬೇಕು, ವರದಿ ಅದಕ್ಕಿಂತ ಕಡಿಮೆ ಅವಧಿ ಹೇಳಿದ್ದರೆ ಅಷ್ಟರೊಳಗೆ. ತಪ್ಪಿದರೆ ಕೌನ್ಸಿಲ್ ದಂಡ ಹಾಕಬಹುದು. 2020ರಲ್ಲಿ ಗರಿಷ್ಠ 30,000 ಪೌಂಡ್ ಎಂದಿದ್ದ ಈ ದಂಡವನ್ನು 2025ರ ತಿದ್ದುಪಡಿ 40,000 ಪೌಂಡ್‌ಗೆ ಏರಿಸಿದೆ. ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗೆ ಬೇರೆ ಕಾನೂನುಗಳಿವೆ. ಅಲ್ಲಿಯೂ ಐದು ವರ್ಷಕ್ಕೊಮ್ಮೆ ಇದೇ ಬಗೆಯ ವರದಿ ಬೇಕು, ಗಡುವುಗಳು ಮತ್ತು ದೂರಿನ ದಾರಿ ಮಾತ್ರ ಬೇರೆ. ಮುಂದೆ ಹೇಳುವ ದಿನಗಳ ಲೆಕ್ಕವೆಲ್ಲ ಇಂಗ್ಲೆಂಡಿನದು.

ದಂಡದ ಮೊತ್ತ ದೊಡ್ಡದಾಗಿರುವುದರಿಂದಲೇ ಮಾಲೀಕರು ಹೆದರಿ ಎಲ್ಲದಕ್ಕೂ ತಲೆಯಾಡಿಸುತ್ತಾರೆ. ಆದರೆ ದಂಡ ಬೀಳುವುದು ಕರ್ತವ್ಯ ತಪ್ಪಿದವರಿಗೆ. ಗಡುವಿನೊಳಗೆ ಸರಿಯಾದ ಪ್ರಶ್ನೆ ಕೇಳಿ, ಉತ್ತರ ಪಡೆದು, ಬೇಕಾದ ಕೆಲಸ ಮಾಡಿಸಿದವರು ಕರ್ತವ್ಯ ತಪ್ಪಿದವರಾಗುವುದಿಲ್ಲ.

ಮೂರು ಅಂಕೆ, ಎರಡು ಅಕ್ಷರ

ವರದಿಯ ಜೀವಾಳ ‘ಅಬ್ಸರ್ವೇಷನ್ಸ್’ ಎಂಬ ಭಾಗದಲ್ಲಿದೆ. ಮಾದರಿ ನಮೂನೆಯಲ್ಲಿ ಅದು ‘ಕೆ’ ವಿಭಾಗ. ಅಲ್ಲಿ ಪ್ರತಿ ದೋಷದ ಮುಂದೆ ಒಂದು ಸಂಕೇತ ಇರುತ್ತದೆ. ಸಿ1 ಎಂದರೆ ಅಪಾಯ ಈಗಲೇ ಇದೆ, ಮುಟ್ಟಿದರೆ ಪೆಟ್ಟು. ಸಿ2 ಎಂದರೆ ಈಗ ಎಲ್ಲ ಸರಿಯಿದ್ದಂತೆ ಕಂಡರೂ ಇನ್ನೊಂದೇ ಒಂದು ದೋಷ ಸೇರಿಕೊಂಡರೆ ಅಪಾಯವಾಗುವ ಸ್ಥಿತಿ. ಸಿ3 ಎಂದರೆ ಸುಧಾರಿಸಿದರೆ ಒಳ್ಳೆಯದು ಎಂಬ ಶಿಫಾರಸು. ಎಫ್‌ಐ ಎಂದರೆ ಏನೋ ಅನುಮಾನವಿದೆ, ತಡಮಾಡದೆ ಹೆಚ್ಚಿನ ಪರಿಶೀಲನೆ ಬೇಕು ಎಂದರ್ಥ. ಸಿ1, ಸಿ2, ಎಫ್‌ಐ ಇವುಗಳಲ್ಲಿ ಒಂದೇ ಒಂದು ಇದ್ದರೂ ವರದಿ ‘ಅತೃಪ್ತಿಕರ’. ಸಿ3 ಎಷ್ಟೇ ಇದ್ದರೂ, ಹತ್ತಿದ್ದರೂ, ವರದಿ ‘ತೃಪ್ತಿಕರ’ವೇ. ಹೀಗಾಗಿ ಸಿ2 ಮತ್ತು ಸಿ3ರ ನಡುವಿನ ಗೆರೆಯ ಮೇಲೆ ಮನೆಯ ಇಡೀ ಫಲಿತಾಂಶ ನಿಂತಿರುತ್ತದೆ. ವಿವಾದಗಳು ಹುಟ್ಟುವುದೂ ಅಲ್ಲಿಯೇ. ಬರಿಗಣ್ಣಿಗೆ ತಾಮ್ರ ಕಾಣುವ ಸಿ1 ಬಗ್ಗೆ ಯಾರೂ ಜಗಳವಾಡುವುದಿಲ್ಲ.

ಬ್ರಿಟನ್ನಿನ ವೈರಿಂಗ್ ಮಾನದಂಡ ಬಿಎಸ್ 7671 ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. 2020ರ ನಿಯಮಗಳು ಹೆಸರಿಸುವುದು 2018ರ 18ನೇ ಆವೃತ್ತಿಯನ್ನು. ಹಾಗೆಂದು ಪ್ರತಿ ಆವೃತ್ತಿ ಬಂದಾಗಲೂ ದೇಶದ ಎಲ್ಲ ಮನೆಗಳ ಗೋಡೆ ಒಡೆಯಬೇಕೆಂದು ಯಾರೂ ಹೇಳಿಲ್ಲ. ಹಿಂದಿನ ಆವೃತ್ತಿಯ ಪ್ರಕಾರ ಮಾಡಿದ ವೈರಿಂಗ್ ಇಂದಿನದಕ್ಕೆ ಎಲ್ಲ ವಿಷಯದಲ್ಲೂ ಹೊಂದದೇ ಇರಬಹುದು, ಅಷ್ಟರಿಂದಲೇ ಅದು ಬಳಸಲು ಅಸುರಕ್ಷಿತ ಎಂದಾಗಲಿ, ಬದಲಿಸಲೇಬೇಕು ಎಂದಾಗಲಿ ಆಗುವುದಿಲ್ಲ ಎಂಬುದು ಆ ಮಾನದಂಡದ ಪುಸ್ತಕದಲ್ಲೇ ಇರುವ ವಿಚಾರ. ಮಾಲೀಕರಿಗೆ ಸರ್ಕಾರ ಕೊಟ್ಟ ಮಾರ್ಗದರ್ಶನವೂ ಇದನ್ನೇ ಹೇಳುತ್ತದೆ. ನಿಮ್ಮ ಪ್ರಶ್ನೆಗೆ ಬಲ ಬರುವುದು ಇಲ್ಲಿಂದ.

ಒಂದೇ ಕೊರತೆ, ಎರಡು ಸಂಕೇತ

ಇದು ಹೇಗೆ ಕೆಲಸ ಮಾಡುತ್ತದೆ ಎಂದು ನೋಡಲು ಆರ್‌ಸಿಡಿಯನ್ನು ತೆಗೆದುಕೊಳ್ಳಿ. ನಮ್ಮ ಕಡೆ ಜನ ಇಎಲ್‌ಸಿಬಿ ಎಂದು ಕರೆಯುವುದು ಸಾಮಾನ್ಯವಾಗಿ ಇದನ್ನೇ. ಲೈನಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ಮರಳಿ ಬಂತೇ ಎಂದು ಅದು ತೂಗಿ ನೋಡುತ್ತಿರುತ್ತದೆ. ಮನುಷ್ಯನ ಮೈಮೂಲಕ ನೆಲಕ್ಕೆ ಸೋರಿ 30 ಮಿಲಿಆಂಪ್‌ನಷ್ಟು ವ್ಯತ್ಯಾಸ ಕಂಡರೆ ಕ್ಷಣಾರ್ಧದಲ್ಲಿ ಟ್ರಿಪ್ ಆಗುತ್ತದೆ. ಈಗ ಎರಡು ಮನೆಗಳನ್ನು ಊಹಿಸಿ. ಎರಡರಲ್ಲೂ ಆರ್‌ಸಿಡಿ ಇಲ್ಲ. ಒಂದು, ನಾಲ್ಕನೇ ಮಹಡಿಯ ಫ್ಲ್ಯಾಟ್. ಇನ್ನೊಂದು, ಹಿತ್ತಲಿರುವ ನೆಲಮಹಡಿಯ ಮನೆ, ಅಡುಗೆಮನೆಯ ಬಾಗಿಲ ಪಕ್ಕದಲ್ಲೇ ಸಾಕೆಟ್. ಬೇಸಿಗೆ ಬಂದರೆ ಆ ಸಾಕೆಟ್‌ಗೆ ಹುಲ್ಲು ಕತ್ತರಿಸುವ ಮೆಷಿನ್ನಿನ ಕೇಬಲ್ ಚುಚ್ಚುತ್ತಾರೆ. ಕೇಬಲ್ ಬ್ಲೇಡಿಗೆ ಸಿಕ್ಕಿ ತುಂಡಾದರೆ ಒದ್ದೆ ಹುಲ್ಲಿನ ಮೇಲೆ ನಿಂತವರಿಗೆ ಹೊಡೆಯುವ ಶಾಕ್ ಸಾಮಾನ್ಯದ್ದಲ್ಲ. ಎಲೆಕ್ಟ್ರಿಕಲ್ ಸೇಫ್ಟಿ ಫಸ್ಟ್ ಎಂಬ ಸೇವಾಸಂಸ್ಥೆ ಪ್ರಕಟಿಸುವ, ಉಚಿತವಾಗಿ ಸಿಗುವ ‘ಬೆಸ್ಟ್ ಪ್ರಾಕ್ಟೀಸ್ ಗೈಡ್ 4’ ಈ ಎರಡನ್ನು ಬೇರೆಬೇರೆಯಾಗಿ ಕಾಣುತ್ತದೆ. ಹೊರಗಡೆ ಬಳಸುವ ಉಪಕರಣಕ್ಕೆ ಕರೆಂಟು ಕೊಡುವ ಸಂಭವವಿರುವ ಸಾಕೆಟ್‌ಗೆ ಆರ್‌ಸಿಡಿ ಇಲ್ಲದಿದ್ದರೆ ಸಿ2, ಉಳಿದ ಸಾಕೆಟ್‌ಗಳಿಗೆ ಇಲ್ಲದಿದ್ದರೆ ಸಿ3. ಕೊರತೆ ಒಂದೇ, ಪೆಟ್ಟಾಗುವ ದಾರಿ ಬೇರೆ, ಆದ್ದರಿಂದ ಸಂಕೇತವೂ ಬೇರೆ. ನಾಲ್ಕನೇ ಮಹಡಿಯ ಫ್ಲ್ಯಾಟಿಗೆ ‘ಸಾಕೆಟ್‌ಗಳಿಗೆ ಆರ್‌ಸಿಡಿ ಇಲ್ಲ, ಸಿ2’ ಎಂದು ಬರೆದಿದ್ದರೆ, ಏಕೆ ಎಂದು ಕೇಳಲು ನಿಮಗೆ ಕಾರಣವಿದೆ.

ಪ್ಲಾಸ್ಟಿಕ್ ಫ್ಯೂಸ್ ಬೋರ್ಡಿನ ಕಥೆಯೂ ಹೀಗೆಯೇ. ಮನೆಗಳಿಗೆ ಹೊಸದಾಗಿ ಹಾಕುವ ಬೋರ್ಡು ಬೆಂಕಿ ಹತ್ತದ ವಸ್ತುವಿನದಾಗಿರಬೇಕು ಎಂಬ ನಿಯಮ 2016ರ ಜನವರಿಯಿಂದ ಬಂತು, ಅಂದಿನಿಂದ ಲೋಹದ ಪೆಟ್ಟಿಗೆ ಸಾಮಾನ್ಯವಾಯಿತು. ಅದಕ್ಕೂ ಮುಂಚಿನ ಲಕ್ಷಾಂತರ ಮನೆಗಳಲ್ಲಿ ಇರುವುದು ಪ್ಲಾಸ್ಟಿಕ್ಕಿನದೇ. ಅಂಥ ಬೋರ್ಡು ಮರದ ಮೆಟ್ಟಿಲ ಕೆಳಗೋ, ಮನೆಯಿಂದ ಹೊರಬರುವ ಏಕೈಕ ದಾರಿಯಲ್ಲೋ ಇದ್ದರೆ ಅದೇ ಮಾರ್ಗದರ್ಶಿ ಸೂಚಿಸುವುದು ಸಿ3. ಒಳಗೆ ಬಿಸಿಯಾದ ಗುರುತು ಕಂಡರೆ ಮಾತು ಬದಲಾಗುತ್ತದೆ, ಅದು ಸಿ2. ಮುಚ್ಚಳ ತೆಗೆದಾಗ ವೈರು ಬಂದು ಸ್ಕ್ರೂಗೆ ಸೇರುವ ಕಡೆ ಪ್ಲಾಸ್ಟಿಕ್ಕು ಕಂದಾಗಿದೆಯೇ, ವೈರಿನ ಹೊದಿಕೆ ಗರಿಗರಿಯಾಗಿ ಒಡೆಯುತ್ತಿದೆಯೇ, ಸುಟ್ಟ ವಾಸನೆ ಇದೆಯೇ ಎಂಬುದು ತೀರ್ಮಾನಕ್ಕೆ ಬೇಕಾದ ಸಾಕ್ಷಿ. ಫೋಟೋದಲ್ಲಿ ಅದು ಕಂಡರೆ ಖರ್ಚಿಗೆ ಹಿಂಜರಿಯಬೇಡಿ. ಬರೀ ‘ಬೋರ್ಡು ಪ್ಲಾಸ್ಟಿಕ್, ಈಗಿನ ನಿಯಮಕ್ಕೆ ಹೊಂದುವುದಿಲ್ಲ’ ಎಂದಷ್ಟೇ ಇದ್ದರೆ ಅದು ಮನೆ ಅತೃಪ್ತಿಕರ ಎನ್ನಲು ಸಾಲದು.

ಮೂರನೆಯದು ಬಾಂಡಿಂಗ್. ಗ್ಯಾಸ್ ಮತ್ತು ನೀರಿನ ಲೋಹದ ಪೈಪುಗಳನ್ನು ಮನೆಯ ಮುಖ್ಯ ಅರ್ತಿಂಗ್‌ಗೆ ಹಸಿರು-ಹಳದಿ ವೈರಿನಿಂದ ಜೋಡಿಸುವ ಕೆಲಸ ಇದು. ದೋಷವಾದಾಗ ಪೈಪಿಗೂ ಫ್ರಿಜ್ಜಿನ ಮೈಗೂ ನಡುವೆ ವೋಲ್ಟೇಜ್ ವ್ಯತ್ಯಾಸ ಏಳಬಾರದು ಎಂಬುದು ಉದ್ದೇಶ. ಬೇಕಾದ ಕಡೆ ಇದು ಇಲ್ಲದಿದ್ದರೆ ಸಿ2 ಸರಿಯಾದದ್ದೇ. ಆದರೆ ‘ಬೇಕಾದ ಕಡೆ’ ಎಂಬ ಮಾತು ಮುಖ್ಯ. ಬೀದಿಯಿಂದ ಮನೆಗೆ ಬರುವ ನೀರಿನ ಪೈಪೇ ಪ್ಲಾಸ್ಟಿಕ್ಕಿನದಾಗಿದ್ದರೆ ಹೊರಗಿನ ನೆಲದ ವೋಲ್ಟೇಜ್ ಆ ದಾರಿಯಲ್ಲಿ ಒಳಬರಲಾರದು. ಪ್ರವೇಶದಲ್ಲೇ ಅವಾಹಕ ತುಂಡು ಇರುವ ಪೈಪನ್ನು ಬಾಂಡ್ ಮಾಡಬೇಕಿಲ್ಲ ಎಂದು 18ನೇ ಆವೃತ್ತಿಯೂ ಹೇಳುತ್ತದೆ. ಸಿಂಕಿನ ಕೆಳಗೆ ತಾಮ್ರದ ಪೈಪು ಕಂಡ ಮಾತ್ರಕ್ಕೆ ‘ನೀರಿನ ಬಾಂಡಿಂಗ್ ಇಲ್ಲ’ ಎಂದು ಬರೆದಿದ್ದರೆ, ಪೈಪು ಮನೆಯೊಳಗೆ ಬರುವ ಜಾಗವನ್ನು ನೋಡಿದ್ದೀರಾ ಎಂದು ಕೇಳಿ. ಈ ಒಂದು ಪ್ರಶ್ನೆಗೆ ಬಾಡಿಗೆದಾರರು ತೆಗೆದು ಕಳಿಸುವ ಒಂದು ಫೋಟೋ ಸಾಕಾಗುತ್ತದೆ.

ಇವುಗಳ ಎದುರಿಗೆ, ವಾದಕ್ಕೆ ಎಡೆಯೇ ಇಲ್ಲದ ದೋಷಗಳೂ ಇವೆ. ಬೋರ್ಡಿನಲ್ಲಿ ಒಂದು ಬ್ರೇಕರ್ ತೆಗೆದ ಜಾಗ ಖಾಲಿ ಇದೆ, ಮುಚ್ಚುವ ಪ್ಲಾಸ್ಟಿಕ್ ತುಂಡು ಬಿದ್ದುಹೋಗಿದೆ, ಆ ಕಿಂಡಿಯೊಳಗೆ ಮಗುವಿನ ಬೆರಳು ಹೋದರೆ ನೇರ ತಾಮ್ರದ ಪಟ್ಟಿಗೆ ತಗಲುತ್ತದೆ. ಇದು ಸಿ1. ಸರಿಪಡಿಸಲು ಬೇಕಾದ ವಸ್ತುವಿನ ಬೆಲೆ ತೀರಾ ಕಡಿಮೆ, ತಡಮಾಡಿದರೆ ತೆರಬೇಕಾದ ಬೆಲೆಗೆ ಲೆಕ್ಕವಿಲ್ಲ. ಸಾಕೆಟ್‌ನಲ್ಲಿ ಅರ್ತಿಂಗ್ ಇಲ್ಲ ಎಂದು ಬರೆದಿದ್ದರೆ ಅದೂ ಚರ್ಚೆಯ ವಿಷಯವಲ್ಲ.

ಪ್ರಶ್ನಿಸುವ ಕ್ರಮ

1. ಮೊದಲು ದಿನಾಂಕ ನೋಡಿ. 28 ದಿನ ಶುರುವಾಗುವುದು ತಪಾಸಣೆ ನಡೆದ ದಿನದಿಂದ. ವರದಿ ಟೈಪಾಗಿ, ಏಜೆಂಟರ ಮೇಜು ದಾಟಿ ನಿಮ್ಮ ಇನ್‌ಬಾಕ್ಸಿಗೆ ಬರುವಷ್ಟರಲ್ಲಿ ಹತ್ತು ದಿನ ಕಳೆದಿದ್ದರೆ ಉಳಿದಿರುವುದು ಹದಿನೆಂಟೇ. ಕ್ಯಾಲೆಂಡರಿನಲ್ಲಿ ಕೊನೆಯ ದಿನವನ್ನು ಗುರುತು ಮಾಡಿಕೊಂಡು, ಮುಂದಿನ ಎಲ್ಲ ಹೆಜ್ಜೆಗಳನ್ನು ಅದರಿಂದ ಹಿಂದಕ್ಕೆ ಲೆಕ್ಕ ಹಾಕಿ.

2. ಪೂರ್ತಿ ವರದಿ ತರಿಸಿಕೊಳ್ಳಿ. ಏಜೆಂಟರು ಕಳಿಸುವ ಸಾರಾಂಶ ಸಾಲದು. ಅಬ್ಸರ್ವೇಷನ್ಸ್ ಭಾಗ, ತಪಾಸಣೆಯ ವ್ಯಾಪ್ತಿ ಮತ್ತು ಮಿತಿಗಳನ್ನು ಹೇಳುವ ಭಾಗ, ಪ್ರತಿ ಸರ್ಕ್ಯೂಟಿನ ಪರೀಕ್ಷಾ ಅಂಕಿಗಳ ಕೋಷ್ಟಕ ಮೂರೂ ಇರಬೇಕು. ಮಿತಿಗಳ ಭಾಗದಲ್ಲಿ ‘ಬೀರುವಿನ ಹಿಂದೆ ನೋಡಲಾಗಲಿಲ್ಲ’, ‘ಅಟ್ಟ ಹತ್ತಲಿಲ್ಲ’ ಎಂಬಂಥವು ಸಹಜ. ಅದರ ಉದ್ದಕ್ಕೂ ‘ಪರೀಕ್ಷಿಸಿಲ್ಲ’ ಎಂದೇ ತುಂಬಿದ್ದರೆ ಆ ವರದಿಯ ತೃಪ್ತಿಗೂ ಅತೃಪ್ತಿಗೂ ಬೆಲೆ ಕಡಿಮೆ.

3. ದೋಷಗಳನ್ನು ಮೂರು ಗುಂಪು ಮಾಡಿ. ಸಿ1 ಇದ್ದರೆ ಇಂದೇ ಸರಿಪಡಿಸಲು ಹೇಳಿ, ಅದರ ಮೇಲೆ ಪತ್ರವ್ಯವಹಾರ ಬೇಡ. ಸಿ3ಗಳನ್ನು ಬದಿಗಿಡಿ, ಕಾನೂನು ಅವನ್ನು ಕಡ್ಡಾಯ ಮಾಡಿಲ್ಲ. ಖರ್ಚಿನ ಪಟ್ಟಿಯಲ್ಲಿ ಸಿ3ರ ಕೆಲಸಗಳೂ ಸೇರಿಕೊಂಡು ಒಟ್ಟು ಮೊತ್ತವಾಗಿದ್ದರೆ, ಬಿಡಿಬಿಡಿಯಾಗಿ ಬರೆದುಕೊಡಲು ಕೇಳಿ. ಉಳಿದ ಸಿ2 ಮತ್ತು ಎಫ್‌ಐಗಳಿಗೆ ನಿಮ್ಮ ಸಮಯ ಮೀಸಲಿಡಿ.

4. ಪ್ರತಿ ಸಿ2ಗೂ ನಾಲ್ಕು ಪ್ರಶ್ನೆ ಬರೆದು ಕಳಿಸಿ. ದೋಷ ಇರುವ ನಿಖರ ಜಾಗ ಯಾವುದು? ಬಿಎಸ್ 7671ರ ಯಾವ ನಿಯಮ ಸಂಖ್ಯೆ? ಫೋಟೋ ಅಥವಾ ಪರೀಕ್ಷಾ ಅಂಕಿ ಇದೆಯೇ? ಯಾವ ಸಂದರ್ಭದಲ್ಲಿ ಯಾರಿಗೆ ಅಪಾಯ, ಸಿ3 ಏಕೆ ಸಾಲದು? ಕೊನೆಯ ಪ್ರಶ್ನೆಯೇ ತೂಕದ್ದು. ನಿಯಮ ಸಂಖ್ಯೆಯೊಂದನ್ನೇ ಉತ್ತರವೆಂದು ಒಪ್ಪಬೇಡಿ, ಅದು ಹೊಸ ಕೆಲಸ ಹೇಗಿರಬೇಕು ಎನ್ನುವುದನ್ನು ಹೇಳುತ್ತದೆ, ಹಳೆಯದು ಎಷ್ಟು ಅಪಾಯಕಾರಿ ಎನ್ನುವುದನ್ನಲ್ಲ. ಪತ್ರದ ಧಾಟಿ ಮೆತ್ತಗಿರಲಿ: ‘ಮನೆ ಸುರಕ್ಷಿತವಾಗಿರಬೇಕೆಂಬುದೇ ನನ್ನ ಉದ್ದೇಶ. ಕೆಲಸಕ್ಕೆ ಒಪ್ಪಿಗೆ ಕೊಡುವ ಮೊದಲು ಈ ಅಂಶಗಳನ್ನು ಅರ್ಥಮಾಡಿಕೊಳ್ಳಲು ಬಯಸುತ್ತೇನೆ. ಗಡುವು ಹತ್ತಿರವಿರುವುದರಿಂದ ಐದು ದಿನದೊಳಗೆ ಉತ್ತರಿಸಿದರೆ ಉಪಕಾರ.’ ಒಳ್ಳೆಯ ತಪಾಸಕರು ಇದಕ್ಕೆ ಬೇಸರಪಡುವುದಿಲ್ಲ. ತಮ್ಮ ತೀರ್ಮಾನವನ್ನು ವಿವರಿಸುತ್ತಾರೆ, ತಪ್ಪಾಗಿದ್ದರೆ ವರದಿ ತಿದ್ದಿ ಮತ್ತೆ ಕೊಡುತ್ತಾರೆ.

5. ಅಂಕಿಗಳನ್ನು ಒಮ್ಮೆ ಕೂಡಿ ನೋಡಿ. ಕೋಷ್ಟಕ ನೋಡಿದರೆ ಹೆದರಿಕೆಯಾಗುತ್ತದೆ, ಆದರೆ ಅದರೊಳಗೆ ಪ್ರಾಥಮಿಕ ಶಾಲೆಯ ಕೂಡುವ ಲೆಕ್ಕವೊಂದಿದೆ. ಮನೆಗೆ ಬರುವ ಸರಬರಾಜಿನ ಅರ್ತ್ ದಾರಿಯ ತಡೆಗೆ ಝಡ್‌ಇ ಎನ್ನುತ್ತಾರೆ. ಒಂದು ಸರ್ಕ್ಯೂಟಿನ ವೈರಿನ ತಡೆ ಆರ್1+ಆರ್2. ಎರಡನ್ನೂ ಕೂಡಿದರೆ ಆ ಸರ್ಕ್ಯೂಟಿನ ಒಟ್ಟು ತಡೆ, ಅಂದರೆ ಝಡ್‌ಎಸ್, ಸರಿಸುಮಾರು ಬರಬೇಕು. ಝಡ್‌ಇ 0.20 ಓಮ್, ಆರ್1+ಆರ್2 0.45 ಓಮ್ ಇದ್ದರೆ ಝಡ್‌ಎಸ್ 0.65ರ ಆಸುಪಾಸು. ಲೋಹದ ಪೈಪುಗಳ ಮೂಲಕ ಸಮಾನಾಂತರ ದಾರಿ ಸಿಕ್ಕಿ ಅಳತೆ ಸ್ವಲ್ಪ ಕಡಿಮೆ ಬರುವುದುಂಟು. ಆದರೆ ಹತ್ತು ಸರ್ಕ್ಯೂಟಿಗೂ ಒಂದೇ ಅಂಕಿ ಇದ್ದರೆ, ಮೀಟರ್ ಹಿಡಿದು ಅಳೆದಂತೆ ಕಾಣುವುದಿಲ್ಲ. ಸಾಕೆಟ್‌ಗಳಿಗೆ ಸಾಮಾನ್ಯವಾಗಿರುವ 32 ಆಂಪ್‌ನ ಬಿ-ಬಗೆಯ ಬ್ರೇಕರಿಗೆ ಮಾನದಂಡದ ಗರಿಷ್ಠ ಝಡ್‌ಎಸ್ 1.37 ಓಮ್. ತಣ್ಣಗಿರುವ ವೈರಿನಲ್ಲಿ ಅಳೆದಾಗ ಅದರ ಶೇ. 80, ಅಂದರೆ ಸುಮಾರು 1.1 ಓಮ್, ದಾಟಬಾರದು ಎಂಬುದು ರೂಢಿ. ವೈರಿನ ಹೊದಿಕೆಯ ತಡೆ ಕನಿಷ್ಠ 1 ಮೆಗಾಓಮ್ ಇರಬೇಕು. ನಿಮ್ಮ ವರದಿಯ ಅಂಕಿಗಳು ಇವುಗಳೊಳಗೇ ಇದ್ದೂ ಅದೇ ಸರ್ಕ್ಯೂಟಿಗೆ ‘ಅರ್ತಿಂಗ್ ಸರಿಯಿಲ್ಲ’ ಎಂಬ ಸಿ2 ಇದ್ದರೆ, ಎರಡರಲ್ಲಿ ಯಾವುದು ನಿಜ ಎಂದು ಕೇಳಬೇಕಾಗುತ್ತದೆ.

6. ತಪಾಸಣೆ ಹೇಗೆ ನಡೆಯಿತೆಂದು ಮನೆಯಲ್ಲಿದ್ದವರನ್ನು ವಿಚಾರಿಸಿ. ಎಷ್ಟು ಹೊತ್ತು ಇದ್ದರು, ಮನೆಯ ಕರೆಂಟು ಆರಿಸಿದರೇ, ಬೋರ್ಡಿನ ಮುಚ್ಚಳ ತೆಗೆದರೇ? ವೈರಿನ ಹೊದಿಕೆಯ ಪರೀಕ್ಷೆ ಕರೆಂಟು ಆರಿಸದೆ ಆಗುವಂಥದ್ದಲ್ಲ. ಕೋಷ್ಟಕದಲ್ಲಿ ಆ ಅಂಕಿಗಳಿದ್ದು, ಮನೆಯಲ್ಲಿ ಒಂದು ನಿಮಿಷವೂ ಕರೆಂಟು ಹೋಗಿಲ್ಲ ಎಂದರೆ ವರದಿಯ ಮೇಲಿನ ನಂಬಿಕೆಯೇ ಅಲುಗಾಡುತ್ತದೆ.

7. ಉತ್ತರ ಬರದಿದ್ದರೆ, ಬಂದದ್ದು ಒಪ್ಪುವಂತಿಲ್ಲದಿದ್ದರೆ, ಎರಡನೆಯ ಅಭಿಪ್ರಾಯ ತೆಗೆದುಕೊಳ್ಳಿ. ಎನ್‌ಐಸಿಇಐಸಿ, ನ್ಯಾಪಿಟ್‌ನಂಥ ಸಂಸ್ಥೆಗಳ ನೋಂದಣಿ ಪಟ್ಟಿಯಲ್ಲಿ ಇರುವವರನ್ನು, ತಪಾಸಣೆ ಮತ್ತು ಪರೀಕ್ಷೆಗೆಂದೇ ಇರುವ 2391 ಅರ್ಹತೆ ಹೊಂದಿದವರನ್ನು ಹುಡುಕಿ. ‘ದುರಸ್ತಿ ಕೆಲಸ ನಿಮಗೆ ಕೊಡುವುದಿಲ್ಲ, ತಪಾಸಣೆ ಮಾತ್ರ’ ಎಂದು ಮೊದಲೇ ಹೇಳಿ. ತಪಾಸಣೆ ಮಾಡಿದವರಿಂದಲೇ ದುರಸ್ತಿ ಮಾಡಿಸಬೇಕೆಂದು ಕಾನೂನಿನಲ್ಲಿ ಎಲ್ಲಿಯೂ ಇಲ್ಲ, ಮಾಡುವವರು ಅರ್ಹರಾಗಿದ್ದರೆ ಆಯಿತು. ಮೊದಲ ವರದಿಯನ್ನು ಅವರಿಂದ ಮುಚ್ಚಿಡಬೇಡಿ. ಅದನ್ನು ಕೊಟ್ಟು, ಭಿನ್ನವಾಗಿ ಕಂಡ ಪ್ರತಿ ಅಂಶಕ್ಕೂ ಕಾರಣ ಬರೆದುಕೊಡಲು ಕೇಳಿ. ಕಾರಣವಿಲ್ಲದೆ ‘ತೃಪ್ತಿಕರ’ ಎಂದಷ್ಟೇ ಇರುವ ಎರಡನೆಯ ವರದಿ, ಬೇಕಾದಂತೆ ಬರೆಸಿಕೊಂಡದ್ದು ಎಂಬ ಅನುಮಾನಕ್ಕೆ ದಾರಿ ಮಾಡುತ್ತದೆ.

8. ತಪಾಸಕರ ಕೆಲಸವೇ ಕಳಪೆ ಎನಿಸಿದರೆ ಮೊದಲು ಅವರ ಕಂಪನಿಗೆ ಲಿಖಿತ ದೂರು ಕೊಡಿ, ಸರಿಪಡಿಸಲು ಅವಕಾಶ ಕೊಡಿ. ಆಮೇಲೆ ಅವರು ನೋಂದಾಯಿಸಿಕೊಂಡ ಸಂಸ್ಥೆಗೆ ಹೋಗಿ. ಆ ಸಂಸ್ಥೆಗಳು ನೋಡುವುದು ಕೆಲಸದ ತಾಂತ್ರಿಕ ಗುಣಮಟ್ಟವನ್ನು. ‘ದರ ಹೆಚ್ಚಾಯಿತು’ ಎಂಬ ದೂರಿಗೆ ಅಲ್ಲಿ ಜಾಗವಿಲ್ಲ.

‘ಕೇಳಲು ನಾವ್ಯಾರು?’

ಈ ಕ್ರಮಕ್ಕೆ ಎರಡು ಆಕ್ಷೇಪಗಳು ಬರುತ್ತವೆ, ಎರಡಕ್ಕೂ ಉತ್ತರ ಕೊಡಬೇಕು. ಮೊದಲನೆಯದು, ವಿಷಯ ತಿಳಿಯದವರು ತಿಳಿದವರನ್ನು ಪ್ರಶ್ನಿಸುವುದು ಉದ್ಧಟತನವಲ್ಲವೇ ಎಂಬುದು. ಡಾಕ್ಟರು ಆಪರೇಷನ್ ಆಗಬೇಕು ಎಂದಾಗ ಏಕೆ, ಬೇರೆ ದಾರಿ ಇದೆಯೇ ಎಂದು ಕೇಳುವುದನ್ನು ಯಾರೂ ಉದ್ಧಟತನ ಎನ್ನುವುದಿಲ್ಲ. ಸಂಕೇತ ಕೊಡುವುದು ತಪಾಸಕರ ವಿವೇಚನೆಗೆ ಬಿಟ್ಟ ವಿಷಯ ನಿಜ. ಮಾರ್ಗದರ್ಶಿ ಪುಸ್ತಕ ಅವರ ಕಣ್ಣಿಗೆ ಬದಲಿಯಲ್ಲ, ಜಾಗದಲ್ಲಿ ನಿಂತವರಿಗೆ ಪುಸ್ತಕದಲ್ಲಿಲ್ಲದ ಕಾರಣ ಕಂಡಿರಬಹುದು. ಅದಕ್ಕೇ ಕೇಳುವುದು. ವಿವೇಚನೆ ಎಂದರೆ ಕಾರಣ ಕೊಡಬಲ್ಲ ತೀರ್ಮಾನ. ಕಾರಣ ಸಿಕ್ಕಿದರೆ ಒಪ್ಪಿಕೊಂಡು ಕೆಲಸ ಮಾಡಿಸುವುದು ನಿಮ್ಮ ಕಡೆಯ ಪ್ರಾಮಾಣಿಕತೆ.

ಎರಡನೆಯದು ಇನ್ನೂ ಗಂಭೀರವಾದದ್ದು: ನೀವು ಪತ್ರ ಬರೆಯುತ್ತ ಕೂತರೆ ಅಪಾಯದಲ್ಲಿರುವವರು ಬಾಡಿಗೆದಾರರಲ್ಲವೇ? ಹೌದು. ಆದ್ದರಿಂದಲೇ ಸಿ1ಕ್ಕೆ ಪ್ರಶ್ನೆಯಿಲ್ಲ ಎಂದದ್ದು, ಗಡುವಿನಿಂದ ಹಿಂದಕ್ಕೆ ಲೆಕ್ಕ ಹಾಕಿ ಎಂದದ್ದು. ಜೊತೆಗೆ ಇನ್ನೊಂದು ಮಾತಿದೆ. ಬೇಡದ ಬೋರ್ಡಿಗೆ ಖರ್ಚಾದ ಹಣ ಬೇಕಾದ ಬಾಂಡಿಂಗ್‌ಗೆ, ಹಿತ್ತಲ ಸಾಕೆಟ್ಟಿನ ಆರ್‌ಸಿಡಿಗೆ ಸಿಗದೆ ಹೋಗಬಹುದು. ಹಣಕ್ಕೆ ಮಿತಿ ಇರುವ ಮಾಲೀಕರ ಮನೆಯಲ್ಲಿ ಯಾವುದು ಮೊದಲು ಎಂದು ತಿಳಿಯುವುದೇ ಸುರಕ್ಷತೆಯ ಕೆಲಸ.

ಎಚ್ಚರಿಕೆ

ವಿವಾದ ಇದೆ ಎಂದ ಮಾತ್ರಕ್ಕೆ 28 ದಿನದ ಗಡಿಯಾರ ನಿಲ್ಲುವುದಿಲ್ಲ. ಗಡುವಿಗೆ ಒಂದು ವಾರ ಇರುವಾಗಲೂ ಸಿ2 ಬಗೆಹರಿಯದಿದ್ದರೆ ಆ ಒಂದು ಕೆಲಸ ಮಾಡಿಸಿಬಿಡುವುದೇ ಜಾಣತನ, ಹಣದ ವಾದ ಆಮೇಲೆ ಮಾಡಬಹುದು. ಕೆಲಸ ಮುಗಿದ ಮೇಲೆ ಅರ್ಹ ವ್ಯಕ್ತಿಯಿಂದ ಲಿಖಿತ ದೃಢೀಕರಣ ಪಡೆದು, 28 ದಿನದೊಳಗೆ ಅದನ್ನೂ ಮೂಲ ವರದಿಯನ್ನೂ ಬಾಡಿಗೆದಾರರಿಗೂ ಕೌನ್ಸಿಲ್‌ಗೂ ಕಳಿಸಬೇಕು. ಈ ಕೊನೆಯ ಹೆಜ್ಜೆ ಮರೆಯುವವರು ಬಹಳ. ಕೌನ್ಸಿಲ್‌ನಿಂದ ದುರಸ್ತಿ ನೋಟಿಸು ಬಂದರೆ ಸುಮ್ಮನಿರಬೇಡಿ. ಲಿಖಿತವಾಗಿ ನಿಮ್ಮ ವಾದ ಮುಂದಿಡಲು 21 ದಿನ ಅವಕಾಶವಿದೆ, ತಪಾಸಕರೊಡನೆ ನಡೆಸಿದ ಪತ್ರವ್ಯವಹಾರ ಅಲ್ಲಿ ನಿಮ್ಮ ಕೈಹಿಡಿಯುತ್ತದೆ. ದಂಡ ಹಾಕಿದರೆ ಫಸ್ಟ್-ಟಿಯರ್ ಟ್ರಿಬ್ಯೂನಲ್‌ಗೆ ಮೇಲ್ಮನವಿ ಹೋಗಬಹುದು, ಅದಕ್ಕೂ 28 ದಿನವೇ ಗಡುವು. ಇನ್ನು, ಪರೀಕ್ಷಿಸಿ ನೋಡುತ್ತೇನೆ ಎಂದು ಬೋರ್ಡಿನ ಮುಚ್ಚಳವನ್ನು ನೀವೇ ಬಿಚ್ಚಬೇಡಿ. ಮೇನ್ ಸ್ವಿಚ್ ಆರಿಸಿದರೂ ಅದರ ಮೇಲ್ತುದಿಯಲ್ಲಿ ಕರೆಂಟು ಇದ್ದೇ ಇರುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಇಡೀ ವರದಿಯನ್ನೇ ಒಟ್ಟಾಗಿ ತಿರಸ್ಕರಿಸುವುದು ಮೊದಲ ತಪ್ಪು. ಎಂಟು ಅಂಶಗಳಲ್ಲಿ ಎರಡರ ಬಗ್ಗೆ ಮಾತ್ರ ನಿಮಗೆ ತಕರಾರಿದ್ದರೆ ಆ ಎರಡನ್ನೇ ಹೇಳಿ, ಉಳಿದ ಆರಕ್ಕೆ ಒಪ್ಪಿಗೆ ಕೊಡಿ, ನಿಮ್ಮ ಮಾತಿಗೆ ಬೆಲೆ ಬರುವುದು ಹಾಗೆ. ಎಲ್ಲವನ್ನೂ ಫೋನಿನಲ್ಲಿ ಮುಗಿಸುವುದು ಎರಡನೆಯದು. ಫೋನಿನಲ್ಲಿ ‘ಅದು ಸಿ3 ಅಂತಲೇ ಅನ್ನಬಹುದು ಸರ್’ ಎಂದವರ ಮಾತು ಕೌನ್ಸಿಲ್ ಮುಂದೆ ನಿಲ್ಲುವುದಿಲ್ಲ, ತಿದ್ದಿದ ವರದಿಯೇ ಬೇಕು. ಹಳೆಯ ಕೆಂಪು-ಕಪ್ಪು ಬಣ್ಣದ ವೈರು ಕಂಡು ಮನೆಗೆಲ್ಲ ಹೊಸ ವೈರಿಂಗ್ ಒಪ್ಪಿಕೊಳ್ಳುವುದು ಇನ್ನೊಂದು. ಬ್ರಿಟನ್ನಿನಲ್ಲಿ ವೈರಿನ ಬಣ್ಣಗಳು ಕಂದು-ನೀಲಿಗೆ ಬದಲಾದದ್ದು 2004ರಿಂದ 2006ರ ನಡುವೆ, ಅದಕ್ಕಿಂತ ಹಿಂದಿನ ಬಣ್ಣ ದೋಷವಲ್ಲ. ಎಫ್‌ಐ ಇದ್ದಾಗ ನೇರ ದುರಸ್ತಿಗೆ ಹಣ ಕೊಡುವುದೂ ಸರಿಯಲ್ಲ. ಎಫ್‌ಐ ಹೇಳುವುದು ‘ಹುಡುಕಿ ನೋಡಿ’ ಎಂದು, ಹುಡುಕಿದ ಮೇಲೆ ಏನೂ ಸಿಗದಿರಬಹುದು.

ನೀವು ಬಾಡಿಗೆದಾರರಾಗಿದ್ದರೆ

ಇದೇ ಪ್ರಶ್ನೆಯನ್ನು ಎದುರು ದಿಕ್ಕಿನಿಂದ ಕೇಳಬೇಕಾಗುತ್ತದೆ. ಶವರ್ ಹಾಕಿದಾಗಲೆಲ್ಲ ಟ್ರಿಪ್ ಆಗುತ್ತದೆ, ಸಾಕೆಟ್ ಬೆಚ್ಚಗಾಗುತ್ತದೆ, ಆದರೂ ವರದಿ ‘ತೃಪ್ತಿಕರ’ ಎನ್ನುತ್ತದೆ ಎಂದಿಟ್ಟುಕೊಳ್ಳಿ. ವರದಿಯ ಪ್ರತಿ ನಿಮ್ಮ ಹಕ್ಕು, ಮೊದಲು ಅದನ್ನು ಪಡೆಯಿರಿ. ನಿಮಗೆ ತೊಂದರೆ ಕಂಡ ಸರ್ಕ್ಯೂಟು ಮಿತಿಗಳ ಪಟ್ಟಿಯಲ್ಲಿ ‘ಪರೀಕ್ಷಿಸಿಲ್ಲ’ ಎಂದು ಅಡಗಿದೆಯೇ ನೋಡಿ. ವರದಿ ಒಂದು ದಿನದ ಚಿತ್ರ, ಅದಾದ ಮೇಲೆ ಸಾಕೆಟ್ ಸಡಿಲವಾಗಿದ್ದರೆ ಹಳೆಯ ‘ತೃಪ್ತಿಕರ’ಕ್ಕೆ ಅರ್ಥವಿಲ್ಲ. ಬೆಚ್ಚಗಾಗುವ ಸಾಕೆಟ್ ಬಳಸುವುದನ್ನು ಅಂದೇ ನಿಲ್ಲಿಸಿ, ಫೋಟೋ ಮತ್ತು ದಿನಾಂಕದ ಸಮೇತ ಮಾಲೀಕರಿಗೆ ಬರೆಯಿರಿ. ಸ್ಪಂದನೆ ಇಲ್ಲದಿದ್ದರೆ ಕೌನ್ಸಿಲ್‌ನ ಖಾಸಗಿ ವಸತಿ ವಿಭಾಗಕ್ಕೆ ಅದೇ ಪತ್ರದ ಪ್ರತಿ ಕಳಿಸಿ. ತಪಾಸಣೆಗೋ ದುರಸ್ತಿಗೋ ಬಂದವರನ್ನು ಮಾತ್ರ ಬಾಗಿಲಲ್ಲೇ ತಡೆಯಬೇಡಿ. ನೀವು ಒಳಗೆ ಬಿಡಲಿಲ್ಲ ಎಂದು ಮಾಲೀಕರು ಪತ್ರಗಳ ಸಮೇತ ತೋರಿಸಿದರೆ, ತಮ್ಮ ಕೈಲಾದದ್ದೆಲ್ಲ ಮಾಡಿದೆವು ಎಂಬ ಅವರ ವಾದಕ್ಕೆ ಕಾನೂನಿನಲ್ಲಿ ಬೆಲೆಯಿದೆ.

ಎಲ್ಲ ಮುಗಿದ ಮೇಲೆ ಮೊದಲ ವರದಿ, ನಿಮ್ಮ ಪ್ರಶ್ನೆಗಳು, ತಪಾಸಕರ ಉತ್ತರ, ತಿದ್ದಿದ ಅಥವಾ ಎರಡನೆಯ ವರದಿ, ದುರಸ್ತಿಯ ದೃಢೀಕರಣ, ಕೌನ್ಸಿಲ್‌ಗೆ ಕಳಿಸಿದ ಮೇಲ್ ಎಲ್ಲವನ್ನೂ ದಿನಾಂಕದ ಕ್ರಮದಲ್ಲಿ ಒಂದೇ ಫೈಲಿನಲ್ಲಿ ಇಡಿ. ವರದಿಯನ್ನು ಮುಂದಿನ ತಪಾಸಣೆಯವರೆಗೆ ಕಾಪಾಡಿ, ಆಗ ಬರುವ ತಪಾಸಕರಿಗೆ ಒಂದು ಪ್ರತಿ ಕೊಡಬೇಕು ಎಂಬುದು ನಿಯಮದಲ್ಲೇ ಇದೆ. ಐದು ವರ್ಷದ ನಂತರ ಬಂದವರು ಮೆಟ್ಟಿಲ ಕೆಳಗಿನ ಪ್ಲಾಸ್ಟಿಕ್ ಬೋರ್ಡಿನ ಮುಂದೆ ನಿಂತಾಗ, ಹಿಂದಿನ ಬಾರಿ ಅದರ ಒಳಗಿನ ಸ್ಕ್ರೂಗಳು ಹೇಗಿದ್ದವು ಎಂಬ ಫೋಟೋ ಅವರ ಕೈಯಲ್ಲಿರುತ್ತದೆ.